ಕಸದಿಂದ ಕರೆಂಟು ಮಾಡುವ ಕಂಪನಿಯ ಷೇರು: ಕೊಳ್ಳುವ ಮುಂಚೆ ಕೂತು ಲೆಕ್ಕ ಹಾಕುವುದು ಹೇಗೆ

ನಮ್ಮದು ಆರು ಜನರ ಗುಂಪು. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ನಡೆದು, ಹೊರಗೆ ಬಂದು, ಬೈಟು ಕಾಫಿ ಹಿಡಿದು ಷೇರಿನ ಮಾತು ಶುರು ಮಾಡುತ್ತೇವೆ. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಒಬ್ಬರದು ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಹುಡುಗ ಒಬ್ಬ. ಮನೆಯಲ್ಲೇ ಹೋಳಿಗೆ ಮಾಡಿ ಮಾರುವ ಅಕ್ಕ ಒಬ್ಬರು. ಯಾರ ಹತ್ತಿರವೂ ದೊಡ್ಡ ದುಡ್ಡಿಲ್ಲ. ತಿಂಗಳಿಗೆ ಮೂರು ಸಾವಿರವೋ ಐದು ಸಾವಿರವೋ ಮಿಗಿಸಿ ಷೇರಿಗೆ ಹಾಕುವವರು ನಾವು.

ಈಚೆಗೆ ಮಾತು ಪದೇ ಪದೇ ಒಂದೇ ಕಡೆ ಬಂದು ನಿಲ್ಲುತ್ತದೆ. ಹಸಿರು ಕರೆಂಟು, ಅದರಲ್ಲೂ ಕಸದಿಂದ ಕರೆಂಟು. ಬೆಂಗಳೂರಿನವರಿಗೆ ಇದು ಬೇಗ ಮನಸ್ಸಿಗೆ ಹತ್ತುತ್ತದೆ. ಈ ಊರಿನಲ್ಲಿ ದಿನಕ್ಕೆ ಐದು ಸಾವಿರ ಟನ್ನಿಗೂ ಜಾಸ್ತಿ ಕಸ ಬೀಳುತ್ತದೆ. ಬೀದಿ ಮೂಲೆಯ ರಾಶಿಯನ್ನು ನಾವು ದಿನಾ ದಾಟಿಕೊಂಡು ಹೋಗುತ್ತೇವೆ. "ಕಚ್ಚಾ ಮಾಲು ಪುಕ್ಕಟೆ, ಕರೆಂಟು ಕೊಳ್ಳೋದು ಸರ್ಕಾರ, ಇನ್ನು ನಷ್ಟ ಎಲ್ಲಿಂದ ಬರುತ್ತೆ ಸಾರ್?" ಅಂತ ಆ ಹುಡುಗ ಕೇಳಿದ.

2017ರಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ. ಕಸದ ಘಟಕ ಕಟ್ಟುತ್ತೇವೆ ಎಂದ ಒಂದು ಸಣ್ಣ ಕಂಪನಿಗೆ 60 ಸಾವಿರ ಹಾಕಿದೆ. ನಾನು ನೋಡಿದ್ದು ಭೂಮಿಪೂಜೆಯ ಒಂದು ಫೋಟೋ, ಅಷ್ಟೇ. ಘಟಕ ಏಳಲೇ ಇಲ್ಲ. ಆರು ವರ್ಷದ ಮೇಲೆ ಮಾರಿದಾಗ ಕೈಗೆ ಬಂದದ್ದು 14 ಸಾವಿರ. ಅದು ಮಗಳ ಕಾಲೇಜು ಫೀಸಿಗೆ ಎತ್ತಿಟ್ಟಿದ್ದ ದುಡ್ಡು. ಆ ನೋವು ಇನ್ನೊಬ್ಬರಿಗೆ ಬೇಡ ಅಂತಲೇ, ಈಗ ನಮ್ಮ ಗುಂಪು ಯಾವ ಕ್ರಮದಲ್ಲಿ ಇಂಥ ಕಂಪನಿಯನ್ನು ನೋಡುತ್ತದೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಳಗೆ ಬರುವ ಯಾವ ಕಂಪನಿಯ ಹೆಸರೂ ಕೊಳ್ಳಿ ಅಥವಾ ಮಾರಿ ಎನ್ನುವ ಸಲಹೆ ಅಲ್ಲ.

ಮೊದಲ ಹೆಜ್ಜೆ: ಕಂಪನಿಗೆ ದುಡ್ಡು ಯಾವುದರಿಂದ ಬರುತ್ತದೆ?

ಹೆಸರಿನಲ್ಲಿ ಗ್ರೀನ್, ರಿನ್ಯೂವಬಲ್, ಎನರ್ಜಿ ಅಂತ ಇದ್ದರೆ ಸಾಲದು. ಒಂದೇ ಥರದ ಹೆಸರಿಟ್ಟುಕೊಂಡ ಕಂಪನಿಗಳು ಮಾಡುವ ಕೆಲಸ ಬೇರೆ ಬೇರೆ. ಕೆಲವು ಮನೆಮನೆಯಿಂದ ಕಸ ಎತ್ತಿ ಸಾಗಿಸುತ್ತವೆ. ಕೆಲವು ಒಣಕಸ ಸುಟ್ಟು ಕರೆಂಟು ಮಾಡುತ್ತವೆ. ಕೆಲವು ಹಸಿಕಸದಿಂದ ಗ್ಯಾಸ್ ಮಾಡುತ್ತವೆ. ಇನ್ನು ಕೆಲವಕ್ಕೆ ಸ್ವಂತ ಘಟಕವೇ ಇಲ್ಲ, ಬೇರೆಯವರಿಗೆ ಸೋಲಾರ್ ಕಟ್ಟಿಕೊಟ್ಟು ಗುತ್ತಿಗೆ ಹಣ ತೆಗೆದುಕೊಳ್ಳುತ್ತವೆ. ಇರೆಡಾ ಅಂತೂ ಇಂಥವರಿಗೆಲ್ಲ ಸಾಲ ಕೊಡುವ ಸರ್ಕಾರಿ ಸಂಸ್ಥೆ. ಅದರ ಷೇರು ಕೊಂಡರೆ ನೀವು ಸಾಲದ ವ್ಯಾಪಾರಕ್ಕೆ ಪಾಲುದಾರರು, ಕರೆಂಟಿನದಕ್ಕಲ್ಲ.

ಇದನ್ನು ತಿಳಿಯಲು ವಾರ್ಷಿಕ ವರದಿ ತೆರೆಯಿರಿ. ಷೇರು ವಿನಿಮಯ ಕೇಂದ್ರಗಳಾದ ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿದರೆ ಪುಕ್ಕಟೆ ಸಿಗುತ್ತದೆ. ಇನ್ನೂರು ಪುಟ ನೋಡಿ ಗಾಬರಿ ಆಗಬೇಡಿ. ಮೊದಲ ಐವತ್ತು ಪುಟದ ಬಣ್ಣದ ಚಿತ್ರಗಳನ್ನು ದಾಟಿ, ವಿಭಾಗವಾರು ಆದಾಯ ಎಲ್ಲಿದೆ ಹುಡುಕಿ. ಉದಾಹರಣೆಗೆ ಆಂಟನಿ ವೇಸ್ಟ್ ಎಂಬ ಕಂಪನಿ 2021ರ ಜನವರಿ 1ರಂದು ಷೇರುಪೇಟೆಗೆ ಬಂತು. ಅದಕ್ಕೆ ಪಿಂಪ್ರಿ ಚಿಂಚವಾಡದಲ್ಲಿ 14 ಮೆಗಾವ್ಯಾಟಿನ ಕಸದ ವಿದ್ಯುತ್ ಘಟಕ ಇದೆ, 2023ರ ಆಗಸ್ಟಿನಲ್ಲಿ ಪ್ರಧಾನಿ ಉದ್ಘಾಟಿಸಿದ್ದು. ಆದರೂ ಅದರ ಆದಾಯದ ದೊಡ್ಡ ಪಾಲು ಕಸ ಎತ್ತುವುದು, ಸಾಗಿಸುವುದು, ಸಂಸ್ಕರಿಸುವುದಕ್ಕೆ ನಗರಪಾಲಿಕೆಗಳು ಕೊಡುವ ಹಣ. ಅಂದರೆ ನೀವು ನೋಡಬೇಕಾದದ್ದು ಲಾರಿ, ಡೀಸೆಲ್, ಪೌರಕಾರ್ಮಿಕರ ಸಂಬಳ, ಪಾಲಿಕೆಯ ಬಿಲ್ಲು. ಟರ್ಬೈನು ಆಮೇಲೆ.

ಬೆಂಗಳೂರಿನ ಹತ್ತಿರದ ಬಿಡದಿಯ ಕಸದ ವಿದ್ಯುತ್ ಘಟಕದ ಸುದ್ದಿ ಓದಿ ಅದರ ಷೇರು ಎಲ್ಲಿ ಸಿಗುತ್ತೆ ಅಂತ ಕೇಳುವವರಿದ್ದಾರೆ. ಅದು ಕರ್ನಾಟಕ ವಿದ್ಯುತ್ ನಿಗಮದ್ದು, ಸರ್ಕಾರದ ಸಂಸ್ಥೆ. ಪೇಟೆಯಲ್ಲಿ ಅದರ ಷೇರು ಇಲ್ಲ.

ಎರಡನೇ ಹೆಜ್ಜೆ: ಕಸದ ಡಬ್ಬಿಯೊಳಗೆ ನೋಡಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಲೆಕ್ಕ ನಿಂತಿರುವುದು ಇಲ್ಲೇ.

ಕಸ ಉರಿಯಬೇಕಾದರೆ ಒಣಗಿರಬೇಕು. ನಮ್ಮ ಮನೆಯ ಡಬ್ಬಿಯಲ್ಲಿ ಏನಿರುತ್ತದೆ ನೋಡಿ. ತರಕಾರಿ ಸಿಪ್ಪೆ, ಕಾಫಿ ಚರಟ, ಹಳಸಿದ ಅನ್ನ, ಪೂಜೆಯ ಹೂವು, ತೆಂಗಿನ ನಾರು. ಜೂನ್‌ನಿಂದ ಅಕ್ಟೋಬರಿನ ತನಕ ಅದರ ಮೇಲೆ ಮಳೆ. ಇಂಥ ಕಸವನ್ನು ಒಲೆಗೆ ಹಾಕಿದರೆ ಎಷ್ಟೋ ಶಾಖ ನೀರು ಆರಿಸುವುದಕ್ಕೇ ಹೋಗುತ್ತದೆ. ಹಸಿ ಸೌದೆ ಹಾಕಿ ಒಲೆ ಊದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಮ್ಮ ದೇಶದಲ್ಲಿ ಇದರ ಪಾಠ ಹಳೆಯದು. 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನ ತಂದು ಘಟಕ ಕಟ್ಟಿದರು. ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವ್ಯಾಟ್ ಕರೆಂಟು ಮಾಡುವುದು ಯೋಜನೆ. ಕೆಲವೇ ವಾರ ಓಡಿ ನಿಂತುಹೋಯಿತು. ಬಂದ ಕಸದಲ್ಲಿ ಯಂತ್ರಕ್ಕೆ ಬೇಕಾದಷ್ಟು ಶಾಖವೇ ಇರಲಿಲ್ಲ. ಯಂತ್ರ ಸರಿಯಾಗೇ ಇತ್ತು, ಆದರೆ ಅದು ಬೇರೆ ದೇಶದ ಕಸಕ್ಕೆಂದು ಮಾಡಿದ್ದು.

2016ರ ಘನತ್ಯಾಜ್ಯ ನಿಯಮಗಳು ಇದಕ್ಕೊಂದು ಅಳತೆ ಇಟ್ಟವು. ಮರುಬಳಕೆಗೆ ಬಾರದ ಕಸದಲ್ಲಿ ಕಿಲೋಗೆ 1,500 ಕಿಲೋ ಕ್ಯಾಲರಿ ಅಥವಾ ಅದಕ್ಕಿಂತ ಜಾಸ್ತಿ ಶಾಖ ಇದ್ದರೆ ಅದನ್ನು ಗುಂಡಿಗೆ ಹಾಕಬಾರದು, ಶಕ್ತಿಗೆ ಬಳಸಬೇಕು ಎಂದಿದ್ದವು. ಈ 1,500 ಎಂಬ ಸಂಖ್ಯೆಯನ್ನು ನೆನಪಿಡಿ. ಕಂಪನಿ ಹೂಡಿಕೆದಾರರಿಗೆ ಮಾಡುವ ಪ್ರೆಸೆಂಟೇಷನ್‌ನಲ್ಲಿ ತನಗೆ ಬರುವ ಕಸದ ಶಾಖ ಎಷ್ಟು, ತೇವ ಎಷ್ಟು ಅಂತ ಹೇಳುತ್ತದೆಯೇ ನೋಡಿ. ಹೇಳದೇ ಬರೀ ಟನ್ನು, ಮೆಗಾವ್ಯಾಟು ಹೇಳಿದರೆ ಆ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಿ.

ಇನ್ನೊಂದು ಮಾತು ಇದೆ, ಇದು ಸ್ವಲ್ಪ ಸೂಕ್ಷ್ಮ. ಕಸದಲ್ಲಿ ಚೆನ್ನಾಗಿ ಉರಿಯುವುದು ಪ್ಲಾಸ್ಟಿಕ್, ರಟ್ಟು, ಬಟ್ಟೆ. ಬೆಂಗಳೂರಿನಲ್ಲಿ 2015ರ ಡಿಸೆಂಬರಿನಲ್ಲಿ ಹೈಕೋರ್ಟ್, ಮನೆಯಲ್ಲೇ ಕಸ ಬೇರೆ ಮಾಡುವ ಎರಡು ಡಬ್ಬಿ ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ಬೇರೆ ಮಾಡಿದ ಒಣಕಸದಲ್ಲಿ ಬೆಲೆ ಬರುವ ಪ್ಲಾಸ್ಟಿಕ್, ರಟ್ಟುಗಳನ್ನು ವಾರ್ಡಿನ ಒಣಕಸ ಕೇಂದ್ರಗಳು, ಆಯುವವರು, ಗುಜರಿಯವರು ತೆಗೆದುಕೊಳ್ಳುತ್ತಾರೆ. ಅದು ಒಳ್ಳೆಯದೇ. ಎಷ್ಟೋ ಸಂಸಾರ ಅದರಿಂದ ನಡೆಯುತ್ತದೆ. ಆದರೆ ಸುಡುವ ಘಟಕಕ್ಕೆ ಉಳಿಯುವುದು ಯಾರಿಗೂ ಬೇಡವಾದ, ಕೊಳೆ ಮೆತ್ತಿದ ಕವರುಗಳು. ಊರು ಸರಿಯಾಗಿ ವಿಂಗಡಿಸಿದಷ್ಟೂ ಉರುವಲು ಒಣಗಿರುತ್ತದೆ, ಆದರೆ ಪ್ರಮಾಣ ಇಳಿಯುತ್ತದೆ. ದೊಡ್ಡ ಘಟಕ ಕಟ್ಟಿದ ಕಂಪನಿಗೆ ಒಣ ಉರುವಲು, ಜಾಸ್ತಿ ಪ್ರಮಾಣ ಎರಡೂ ಒಟ್ಟಿಗೆ ಬೇಕು. ಅದು ಸುಲಭವಲ್ಲ.

ಹಸಿಕಸದಿಂದ ಗ್ಯಾಸ್ ಮಾಡುವ ದಾರಿ ನಮ್ಮ ಕಸಕ್ಕೆ ಜಾಸ್ತಿ ಹೊಂದುತ್ತದೆ ಎಂದು ನನ್ನ ಅನಿಸಿಕೆ. ಇಂದೋರಿನಲ್ಲಿ 2022ರ ಫೆಬ್ರವರಿಯಲ್ಲಿ ಶುರುವಾದ ಘಟಕ ದಿನಕ್ಕೆ 550 ಟನ್ ಹಸಿಕಸ ತೆಗೆದುಕೊಂಡು ಸುಮಾರು 17,000 ಕಿಲೋ ಗ್ಯಾಸ್ ಮಾಡುವ ಅಳತೆಯದು. ಅಲ್ಲಿ ಮನೆಯಲ್ಲೇ ಕಸ ಬೇರೆಯಾಗುತ್ತದೆ. ಅದಕ್ಕೇ ಅದು ಸಾಧ್ಯವಾಯಿತು. ಹಸಿಕಸದಲ್ಲಿ ಒಡೆದ ಬಾಟಲಿ, ಡೈಪರ್ ಸೇರಿದರೆ ಗ್ಯಾಸಿನ ತೊಟ್ಟಿಯೂ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಕಂಪನಿಯ ಘಟಕ ಯಾವ ಊರಿನಲ್ಲಿದೆಯೋ ಆ ಊರಿನ ಜನ ಕಸ ವಿಂಗಡಿಸುತ್ತಾರಾ ಎಂದು ವಿಚಾರಿಸಿ. ಅಲ್ಲಿ ನೆಂಟರಿದ್ದರೆ ಫೋನ್ ಮಾಡಿ ಕೇಳಿದರೂ ಸಾಕು.

ಜನರ ವಿರೋಧವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ವರ್ಷಗಟ್ಟಲೆ ನಾತ, ನೊಣ, ಕೆಟ್ಟ ನೀರು ಸಹಿಸಿ ಕೊನೆಗೆ ರಸ್ತೆಗೆ ಇಳಿದರು. 2014ರ ಕೊನೆಗೆ ಮಂಡೂರಿಗೆ ಕಸದ ಲಾರಿ ಹೋಗುವುದು ನಿಂತಿತು. ಅವರ ಸಿಟ್ಟು ನ್ಯಾಯವಾದದ್ದು. ಊರಿನವರ ಜೊತೆ ಸರಿಯಾಗಿ ಮಾತಾಡದ, ಹೊಗೆ, ಬೂದಿ ಸರಿಯಾಗಿ ನೋಡಿಕೊಳ್ಳದ ಕಂಪನಿಯ ಗೇಟು ಯಾವತ್ತು ಬೇಕಾದರೂ ಮುಚ್ಚಬಹುದು. ವಾರ್ಷಿಕ ವರದಿಯಲ್ಲಿ ಬಾಕಿ ಇರುವ ಕೇಸುಗಳ ಪುಟದಲ್ಲಿ ಹಸಿರು ನ್ಯಾಯಮಂಡಳಿಯ ಹೆಸರು ಇದೆಯೇ ನೋಡಿ.

ಮೂರನೇ ಹೆಜ್ಜೆ: ಮೆಗಾವ್ಯಾಟನ್ನು ರೂಪಾಯಿ ಮಾಡಿ

ಪೆನ್ನು ತೆಗೆದುಕೊಳ್ಳಿ. ಬಿಡದಿಯದು 11.5 ಮೆಗಾವ್ಯಾಟಿನ ಘಟಕ, ದಿನಕ್ಕೆ 600 ಟನ್ ಕಸಕ್ಕೆ ಲೆಕ್ಕ ಹಾಕಿದ್ದು. ಒಂದು ಮೆಗಾವ್ಯಾಟಿಗೆ ಗಂಟೆಗೆ ಸಾವಿರ ಯೂನಿಟ್, ದಿನಪೂರ್ತಿ ಓಡಿದರೆ 2 ಲಕ್ಷ 76 ಸಾವಿರ ಯೂನಿಟ್. ಅಂದರೆ ಒಂದು ಟನ್ ಕಸದಿಂದ 460 ಯೂನಿಟ್. ಯಾವುದಾದರೂ ಕಂಪನಿ ಸಾಮಾನ್ಯ ಊರ ಕಸದಿಂದ ಟನ್ನಿಗೆ ಸಾವಿರ ಯೂನಿಟ್ ತೆಗೆಯುತ್ತೇವೆ ಎಂದರೆ, ಹೇಗೆ ಅಂತ ಕೇಳುವ ಹಕ್ಕು ನಿಮಗಿದೆ.

ಈಗ ಒಂದು ಊಹೆಯ ಕಂಪನಿ ಇಟ್ಟುಕೊಳ್ಳೋಣ. 10 ಮೆಗಾವ್ಯಾಟ್, ಕಟ್ಟಲು 250 ಕೋಟಿ, ಅದರಲ್ಲಿ 175 ಕೋಟಿ ಸಾಲ, ಬಡ್ಡಿ ನೂರಕ್ಕೆ 10. ಅಂದರೆ ಮೊದಲ ವರ್ಷದ ಬಡ್ಡಿಯೇ 17.5 ಕೋಟಿ. ವರ್ಷವಿಡೀ ಒಂದು ಗಂಟೆಯೂ ನಿಲ್ಲದೆ ಓಡಿದರೆ 8.76 ಕೋಟಿ ಯೂನಿಟ್. ಹಾಗೆ ಯಾವ ಘಟಕವೂ ಓಡುವುದಿಲ್ಲ. ನೂರಕ್ಕೆ 75 ಓಡಿತು ಅನ್ನಿ, 6.57 ಕೋಟಿ. ಅದರಲ್ಲಿ ಘಟಕವೇ ತಿನ್ನುವ ಕರೆಂಟು ನೂರಕ್ಕೆ 12 ಎಂದು ಕಳೆದರೆ ಮಾರಲು ಸಿಗುವುದು ಸುಮಾರು 5.8 ಕೋಟಿ. ಯೂನಿಟ್‌ಗೆ 7 ರೂಪಾಯಿಯಂತೆ 40 ಕೋಟಿ ಚಿಲ್ಲರೆ ಆದಾಯ. ಬಡ್ಡಿ ಕಳೆದು 23 ಕೋಟಿ ಉಳಿಯುತ್ತದೆ. ಅದರಲ್ಲಿ ಸಂಬಳ, ರಿಪೇರಿ, ಬೂದಿ ಸಾಗಣೆ, ಅಸಲಿನ ಕಂತು. ಹೇಗೋ ನಡೆಯುತ್ತದೆ.

ಅದೇ ಘಟಕ ಮಳೆಗಾಲದ ಹಸಿಕಸದಿಂದ, ಬಾಯ್ಲರ್ ರಿಪೇರಿಯಿಂದ ನೂರಕ್ಕೆ 45 ಮಾತ್ರ ಓಡಿದರೆ? ಮಾರುವ ಕರೆಂಟು ಸುಮಾರು 3.5 ಕೋಟಿ ಯೂನಿಟ್, ಆದಾಯ 24 ಕೋಟಿ. ಬಡ್ಡಿ ಕೊಟ್ಟ ಮೇಲೆ 7 ಕೋಟಿ. ಅಷ್ಟರಲ್ಲಿ ಸಂಬಳ ಕೊಡಬಹುದು, ಅಸಲು ತೀರಿಸಲು ಆಗದು. ಈ ಒಂದು ಲೆಕ್ಕ ಹಾಕಿ ತೋರಿಸಿದಾಗ ಹೋಳಿಗೆ ಅಕ್ಕ ತಟ್ಟನೆ ಹೇಳಿದರು, "ಅಂದ್ರೆ ಎಷ್ಟು ದೊಡ್ಡ ಒಲೆ ಅನ್ನೋದಲ್ಲ, ದಿನಕ್ಕೆ ಎಷ್ಟು ಹೊತ್ತು ಉರಿಯುತ್ತೆ ಅನ್ನೋದು ಮುಖ್ಯ." ಹೌದು. ಅದಕ್ಕೆ ಕಂಪನಿಯವರು ಪಿಎಲ್‌ಎಫ್ ಎನ್ನುತ್ತಾರೆ. ಪ್ರತಿ ಮೂರು ತಿಂಗಳ ಪಿಎಲ್‌ಎಫ್ ಹುಡುಕಿ ಬರೆದಿಡಿ. ಸೋಲಾರ್ ಆದರೆ ಅಳತೆ ಬೇರೆ. ಬಿಸಿಲು ಇದ್ದಾಗ ಮಾತ್ರ ಕರೆಂಟು, ಆದ್ದರಿಂದ ಒಂದು ಮೆಗಾವ್ಯಾಟಿಗೆ ವರ್ಷಕ್ಕೆ ಸುಮಾರು 17 ಲಕ್ಷ ಯೂನಿಟ್ ಬಂದರೆ ಒಳ್ಳೆಯ ಜಾಗ ಎಂದರ್ಥ.

ದರದ ಬಗ್ಗೆಯೂ ಒಂದು ಮಾತು. ಕಸದ ಕರೆಂಟಿಗೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2015ರಲ್ಲಿ ಯೂನಿಟ್‌ಗೆ 7 ರೂಪಾಯಿಯ ಆಸುಪಾಸಿನ ದರ ಗೊತ್ತು ಮಾಡಿತು. ಸೋಲಾರ್ ದರ 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1.99 ರೂಪಾಯಿಗೆ ಇಳಿದಿತ್ತು. ಕಸದ ಕರೆಂಟು ಬೆಲೆಯಲ್ಲಿ ಸೋಲಾರ್ ಜೊತೆ ಗೆಲ್ಲುವುದಿಲ್ಲ. 2016ರ ಟಾರಿಫ್ ನೀತಿ ಕಸದ ಕರೆಂಟನ್ನು ವಿತರಣಾ ಕಂಪನಿಗಳು ಪೂರ್ತಿ ಕೊಳ್ಳಬೇಕು ಎಂದು ಹೇಳಿರುವುದರಿಂದ ಅದಕ್ಕೆ ಗಿರಾಕಿ ಇದೆ. ಊರು ಚೊಕ್ಕಟವಾಗುವುದಕ್ಕೆ ನಾವು ಕೊಡುವ ಹೆಚ್ಚಿನ ಬೆಲೆ ಅದು. ನೀತಿ ಬದಲಾದರೆ ಕಂಪನಿಯ ಗತಿ ಏನು ಎಂದು ಕೇಳಿಕೊಳ್ಳಲೇಬೇಕು.

ನಾಲ್ಕನೇ ಹೆಜ್ಜೆ: ಬಿಲ್ಲು ಹಾಕಿದ ದುಡ್ಡು ಕೈಗೆ ಬರಲು ಎಷ್ಟು ದಿನ?

ಚಿಕ್ಕಪೇಟೆಯ ನಮ್ಮ ಗೆಳೆಯರಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಉದ್ದರಿ ಪುಸ್ತಕ ತುಂಬಿದ್ದರೆ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ. ಈ ಕಂಪನಿಗಳ ಗಿರಾಕಿ ಮುಖ್ಯವಾಗಿ ಎರಡು ಥರ, ಎಸ್ಕಾಂಗಳು (ಕರೆಂಟು ವಿತರಣಾ ಕಂಪನಿಗಳು) ಮತ್ತು ನಗರಪಾಲಿಕೆಗಳು. ಇಬ್ಬರೂ ದುಡ್ಡು ಮುಳುಗಿಸುವವರಲ್ಲ, ಆದರೆ ತಡ ಮಾಡುವವರು. ದೇಶದಲ್ಲೆಲ್ಲ ಎಸ್ಕಾಂಗಳ ಹಳೇ ಬಾಕಿ ಎಷ್ಟು ಬೆಳೆದಿತ್ತೆಂದರೆ, ಅದನ್ನು ಕಂತಿನಲ್ಲಿ ತೀರಿಸಲು 2022ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನೇ ತರಬೇಕಾಯಿತು.

ಲೆಕ್ಕ ಸುಲಭ. ಬ್ಯಾಲೆನ್ಸ್ ಶೀಟಿನಲ್ಲಿ ಗಿರಾಕಿಗಳಿಂದ ಬರಬೇಕಾದ ಬಾಕಿಯನ್ನು ವರ್ಷದ ಆದಾಯದಿಂದ ಭಾಗಿಸಿ 365ರಿಂದ ಗುಣಿಸಿ. 100 ಕೋಟಿ ಆದಾಯಕ್ಕೆ 55 ಕೋಟಿ ಬಾಕಿ ಇದ್ದರೆ 200 ದಿನ. ಮೂರು ವರ್ಷದ್ದು ಪಕ್ಕ ಪಕ್ಕ ಬರೆಯಿರಿ. 90 ಇದ್ದದ್ದು 140 ಆಗಿ 200 ಆಗಿದ್ದರೆ, ಲಾಭ ಎಷ್ಟೇ ತೋರಿಸಲಿ, ಆ ಕಂಪನಿ ಉಸಿರು ಹಿಡಿದು ಓಡುತ್ತಿದೆ. ಆಮೇಲೆ ನಗದು ಹರಿವಿನ ಪಟ್ಟಿ ತೆಗೆಯಿರಿ. ವ್ಯಾಪಾರದಿಂದ ಬಂದ ನಗದು ಎಂಬ ಸಾಲು ಲಾಭದ ಹತ್ತಿರ ಇರಬೇಕು. ವರ್ಷಗಟ್ಟಲೆ ಲಾಭ ಇದ್ದು ನಗದು ಸೊನ್ನೆಗಿಂತ ಕೆಳಗಿದ್ದರೆ ನಾನಂತೂ ಪುಸ್ತಕ ಮುಚ್ಚುತ್ತೇನೆ.

ಗುತ್ತಿಗೆ ಯಾರ ಜೊತೆ ಎಂಬುದೂ ಮುಖ್ಯ. ಬೆಂಗಳೂರಿನಲ್ಲೇ ನೋಡಿ, 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಇಪ್ಪತ್ತು ವರ್ಷದ ಕಸದ ಗುತ್ತಿಗೆ ಬರೆದುಕೊಟ್ಟ ಸಂಸ್ಥೆ ಇಪ್ಪತ್ತು ವರ್ಷ ಹಾಗೇ ಇರುತ್ತದೆ ಎಂದುಕೊಳ್ಳಬಾರದು.

ಐದನೇ ಹೆಜ್ಜೆ: ಸಾಲ, ಮತ್ತು ನಿಮ್ಮ ಪಾಲು ಕರಗುವ ಬಗೆ

ಸುಜ್ಲಾನ್ ಕಥೆಯನ್ನು ನಮ್ಮ ಬ್ಯಾಂಕಿನ ಮೇಷ್ಟ್ರು (ನಾವು ಅವರನ್ನು ಹಾಗೇ ಕರೆಯುವುದು) ಹೊಸಬರಿಗೆ ತಪ್ಪದೆ ಹೇಳುತ್ತಾರೆ. ಗಾಳಿ ಯಂತ್ರ ಮಾಡುವ ಕಂಪನಿ. 2005ರಲ್ಲಿ 510 ರೂಪಾಯಿಗೆ ಷೇರು ಕೊಟ್ಟಿತು. 2008ರಲ್ಲಿ ಒಂದು ಷೇರನ್ನು ಐದು ಮಾಡಿತು. ಆ ಹೊತ್ತಿಗೆ ಜರ್ಮನಿಯ ದೊಡ್ಡ ಕಂಪನಿ ಕೊಳ್ಳಲು ಭಾರೀ ಸಾಲ ಮಾಡಿತ್ತು. 2012ರಲ್ಲಿ ವಿದೇಶಿ ಬಾಂಡಿನ ದುಡ್ಡು ಕಟ್ಟಲಾಗಲಿಲ್ಲ. 2020ರ ಮಾರ್ಚಿನಲ್ಲಿ ಷೇರು 2 ರೂಪಾಯಿಗಿಂತ ಕೆಳಗೆ ಬಂತು. ಆಮೇಲೆ ಸಾಲ ತೀರಿಸಿ ಎದ್ದು ನಿಂತಿತು, 2024ರಲ್ಲಿ 80 ರೂಪಾಯಿ ದಾಟಿತು. ಜನ ಈ ಕೊನೆಯ ಸಾಲನ್ನು ಮಾತ್ರ ಹೇಳುತ್ತಾರೆ.

ಆದರೆ 2008ರಲ್ಲಿ ಸುಮಾರು 150 ಕೋಟಿ ಇದ್ದ ಷೇರುಗಳು 2024ರ ಹೊತ್ತಿಗೆ 1,350 ಕೋಟಿ ದಾಟಿದ್ದವು. ಸಾಲ ಕೊಟ್ಟವರಿಗೆ, ಹೊಸ ಹೂಡಿಕೆದಾರರಿಗೆ ಮತ್ತೆ ಮತ್ತೆ ಹೊಸ ಷೇರು ಕೊಟ್ಟಿದ್ದರಿಂದ ಹೀಗಾಯಿತು. ಕಂಪನಿ ಉಳಿಯಿತು, ಹಳಬರ ಪಾಲು ಒಂಬತ್ತರಲ್ಲಿ ಒಂದಾಯಿತು. ಮೂರು ರೊಟ್ಟಿ ಮೂವರಿಗೆ ಮಾಡಿದ್ದು, ಊಟಕ್ಕೆ ಕೂತವರು ಇಪ್ಪತ್ತೇಳು. ಆದ್ದರಿಂದ ಒಟ್ಟು ಷೇರುಗಳ ಸಂಖ್ಯೆ ಐದು ವರ್ಷದಲ್ಲಿ ಎಷ್ಟು ಏರಿದೆ ನೋಡಿ. 12 ರೂಪಾಯಿಯ ಷೇರು ಅಗ್ಗ, 1,200 ರೂಪಾಯಿಯದು ತುಟ್ಟಿ ಎನ್ನುವ ಲೆಕ್ಕ ತಪ್ಪು. ಒಂದು ಷೇರಿನ ಬೆಲೆಯನ್ನು ಒಟ್ಟು ಷೇರಿನಿಂದ ಗುಣಿಸಿದರೆ ಬರುವುದು ಕಂಪನಿಯ ನಿಜವಾದ ಬೆಲೆ.

ಇದರ ಜೊತೆಗೆ ಪ್ರೊಮೋಟರ್ (ಕಂಪನಿ ಕಟ್ಟಿ ನಡೆಸುವವರ) ಪಾಲು ಎಷ್ಟು, ಅದರಲ್ಲಿ ಅಡವಿಟ್ಟದ್ದು ಎಷ್ಟು ನೋಡಿ. ಮೂರು ತಿಂಗಳಿಗೊಮ್ಮೆ ಎಕ್ಸ್‌ಚೇಂಜಿನಲ್ಲಿ ಬರುತ್ತದೆ, ಎರಡು ನಿಮಿಷದ ಕೆಲಸ.

ಆರನೇ ಹೆಜ್ಜೆ: ಸುದ್ದಿಯ ಪದಗಳನ್ನು ತೂಗಿ ನೋಡಿ

ತಿಳುವಳಿಕೆ ಒಪ್ಪಂದ (ಎಂಒಯು) ಎಂದರೆ ಆರ್ಡರ್ ಅಲ್ಲ. ಟೆಂಡರಿನಲ್ಲಿ ಕಡಿಮೆ ದರ ಹೇಳಿದವರು ಎಂದರೆ ಗುತ್ತಿಗೆ ಸಿಕ್ಕಿತು ಎಂದಲ್ಲ. ಭೂಮಿಪೂಜೆ ಎಂದರೆ ಘಟಕ ಅಲ್ಲ, ಇದನ್ನು ನಾನು 46 ಸಾವಿರ ಕೊಟ್ಟು ಕಲಿತೆ. ಬೆಲೆ ಎಷ್ಟು, ಯಾವತ್ತು ಕೊಡಬೇಕು, ತಪ್ಪಿದರೆ ದಂಡ ಏನು, ಈ ಮೂರೂ ಇದ್ದರೆ ಮಾತ್ರ ಅದು ಆರ್ಡರ್.

ಜೆನ್ಸಾಲ್ ಎಂಜಿನಿಯರಿಂಗ್ ವಿಷಯದಲ್ಲಿ 2025ರ ಏಪ್ರಿಲ್ 15ರಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ಕೊಟ್ಟ ಮಧ್ಯಂತರ ಆದೇಶವನ್ನು ಪ್ರತಿ ಸಣ್ಣ ಹೂಡಿಕೆದಾರರೂ ಓದಬೇಕು. ಸೋಲಾರ್ ಕಟ್ಟಿಕೊಡುವ ಕಂಪನಿ ಅದು. ವಿದ್ಯುತ್ ಕಾರುಗಳನ್ನು ಕೊಂಡು, ಬೆಂಗಳೂರಿನಲ್ಲೂ ಓಡುತ್ತಿದ್ದ ಬ್ಲೂಸ್ಮಾರ್ಟ್ ಟ್ಯಾಕ್ಸಿ ಸೇವೆಗೆ ಬಾಡಿಗೆಗೆ ಕೊಡುತ್ತಿತ್ತು. ಆದೇಶದ ಪ್ರಕಾರ 6,400 ಕಾರಿಗೆಂದು 663.89 ಕೋಟಿ ಸಾಲ ಪಡೆದು 4,704 ಕಾರು ಕೊಂಡಿತ್ತು, 262 ಕೋಟಿಗೆ ಲೆಕ್ಕ ಸಿಗಲಿಲ್ಲ. ತಾನೇ ತಯಾರಿಸಲಿರುವ 30,000 ವಿದ್ಯುತ್ ಕಾರಿಗೆ ಮುಂಗಡ ಆರ್ಡರ್ ಬಂದಿದೆ ಎಂದು ಪೇಟೆಗೆ ಹೇಳಿತ್ತು. ಸೆಬಿ ಕಾಗದ ತರಿಸಿ ನೋಡಿದಾಗ ಅವು 29,000 ಕಾರಿನ ತಿಳುವಳಿಕೆ ಒಪ್ಪಂದಗಳು, ಬೆಲೆಯೂ ಇಲ್ಲ, ದಿನಾಂಕವೂ ಇಲ್ಲ. ಎನ್‌ಎಸ್‌ಇ ಅಧಿಕಾರಿ ಪುಣೆಯ ಕಾರು ಘಟಕಕ್ಕೆ ಹೋದಾಗ ಇದ್ದದ್ದು ಎರಡು ಮೂರು ಕೆಲಸಗಾರರು. ಘಟಕದ ಕರೆಂಟು ಬಿಲ್ಲನ್ನೂ ತೆಗೆದು ನೋಡಿದರು.

ಆ ಕರೆಂಟು ಬಿಲ್ಲು ನೋಡುವ ಉಪಾಯ ನನಗೆ ಬಹಳ ಹಿಡಿಸಿತು. ಕಾರ್ಖಾನೆ ಓಡುತ್ತಿದ್ದರೆ ಕರೆಂಟು ಸುಡಲೇಬೇಕು. ನಮ್ಮ ಕೈಯಲ್ಲಿ ಅದು ಆಗದು, ಆದರೆ ಘಟಕದ ಊರಿಗೆ ಹೋಗುವ ನೆಂಟರು, ಗೆಳೆಯರು ಇರುತ್ತಾರೆ. ಗೇಟಿನ ಮುಂದೆ ಲಾರಿ ನಿಂತಿದೆಯೇ, ಚಿಮಣಿಯಲ್ಲಿ ಹೊಗೆ ಇದೆಯೇ ಎಂದು ನೋಡಿ ಬಂದರೆ ಎಷ್ಟೋ ವರದಿಗಿಂತ ಮೇಲು. ಇನ್ನೊಂದು ಗಮನಿಸಿ, ಜೆನ್ಸಾಲ್ ಸಾಲದ ದರ್ಜೆಯನ್ನು ಎರಡು ರೇಟಿಂಗ್ ಸಂಸ್ಥೆಗಳು ಮಾರ್ಚ್ ಮೊದಲ ವಾರದಲ್ಲೇ ತೀರಾ ಕೆಳಕ್ಕೆ ಇಳಿಸಿದ್ದವು. ರೇಟಿಂಗ್ ಸಂಸ್ಥೆಗಳ ಟಿಪ್ಪಣಿಯನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು. ಬ್ಯಾಂಕಿನವರ ಭಯ ಅಲ್ಲಿ ಮೊದಲು ಕಾಣುತ್ತದೆ.

ಏಳನೇ ಹೆಜ್ಜೆ: ಗುಂಪಿನಲ್ಲಿ ಮಾತಾಡುವ ಕ್ರಮ

ಹಿಂದೆ ಬೆಂಗಳೂರಿಗೆ ತನ್ನದೇ ಷೇರು ವಿನಿಮಯ ಕೇಂದ್ರ ಇತ್ತು, ಜೆ.ಸಿ. ರಸ್ತೆಯಲ್ಲಿ. 1963ರಲ್ಲಿ ಶುರುವಾಗಿ 2014ರ ಡಿಸೆಂಬರಿನಲ್ಲಿ ಮುಚ್ಚಿತು. ಈಗ ಮಾತುಕತೆ ಎಲ್ಲ ಕಾಫಿ ಟೇಬಲ್ಲಿಗೆ, ವಾಟ್ಸಾಪಿಗೆ ಬಂದಿದೆ. ನಮ್ಮಲ್ಲಿ ನಾಲ್ಕು ಕಟ್ಟಳೆ ಇವೆ. ಮೊದಲ ಅರ್ಧ ಗಂಟೆ ಯಾರೂ ಷೇರಿನ ಬೆಲೆ ಎತ್ತಬಾರದು. ಮಾತಾಡುವವರು ಒಂದು ಕಾಗದ ತಂದಿರಬೇಕು, ವರದಿಯ ಪುಟವೋ ರೇಟಿಂಗ್ ಟಿಪ್ಪಣಿಯೋ. ಒಬ್ಬರು ಬೇಕೆಂದೇ ಬೇಡ ಎನ್ನುವ ಕಡೆ ವಾದ ಮಾಡಬೇಕು, ಪ್ರತಿ ವಾರ ಬೇರೆಯವರು. ಈಗಾಗಲೇ ಷೇರು ಕೊಂಡವರು ಅದನ್ನು ಮೊದಲೇ ಹೇಳಬೇಕು. ಕೊಂಡವರ ಬಾಯಲ್ಲಿ ಕಂಪನಿ ಯಾವತ್ತೂ ಚಂದವೇ.

ಟೆಲಿಗ್ರಾಂನಲ್ಲಿ ಟಿಪ್ ಕೊಡುವವರ ಹತ್ತಿರ ಸೆಬಿ ನೋಂದಣಿ ಸಂಖ್ಯೆ ಕೇಳಿ. ಸಂಶೋಧನಾ ವಿಶ್ಲೇಷಕರದು ಐಎನ್‌ಎಚ್ ಎಂದೂ ಸಲಹೆಗಾರರದು ಐಎನ್‌ಎ ಎಂದೂ ಶುರುವಾಗುತ್ತದೆ. ಸೆಬಿ ವೆಬ್‌ಸೈಟಿನಲ್ಲಿ ಹೆಸರು ಹೊಂದುತ್ತದೆಯೇ ನೋಡಿ. ನಂಬರ್ ಕೇಳಿದ ಕೂಡಲೇ ಗುಂಪಿನಿಂದ ತೆಗೆದುಹಾಕಿದರೆ ನಿಮಗೆ ಉತ್ತರ ಸಿಕ್ಕಿತು.

ಸಣ್ಣ ಷೇರಿನ ಸರ್ಕ್ಯೂಟ್ (ಬೆಲೆ ಒಂದು ದಿನದಲ್ಲಿ ಏರಿಳಿಯಬಹುದಾದ ಮಿತಿ) ಬಗ್ಗೆ ಹೊಸಬರಿಗೆ ಹೇಳಲೇಬೇಕು. ದಿನಕ್ಕೆ ನೂರಕ್ಕೆ 5ರ ಮಿತಿ ಇರುವ ಷೇರು ಕೆಳಗಿನ ಸರ್ಕ್ಯೂಟಿಗೆ ಬಿದ್ದರೆ ಕೊಳ್ಳುವವರೇ ಇರುವುದಿಲ್ಲ. ಮಾರಲು ಹಾಕಿದ್ದು ಹಾಗೇ ನಿಂತಿರುತ್ತದೆ. ಹತ್ತು ದಿನ ಹೀಗೇ ಹೋದರೆ 100 ರೂಪಾಯಿ 60 ಆಗುತ್ತದೆ, ನೀವು ಸುಮ್ನೆ ನೋಡುತ್ತಾ ಕೂರಬೇಕು. ಆದ್ದರಿಂದ ದಿನಕ್ಕೆ ಎಷ್ಟು ಷೇರು ಕೈ ಬದಲಾಗುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಕಂಪನಿ ಎಕ್ಸ್‌ಚೇಂಜಿನ ವಿಶೇಷ ನಿಗಾ ಪಟ್ಟಿಯಲ್ಲಿದ್ದರೆ ದೂರ ಇರಿ.

ಕೊಳ್ಳುವ ದಿನ, ಮತ್ತು ಆಮೇಲೆ

ಇಷ್ಟೆಲ್ಲ ದಾಟಿ ಬಂದ ಕಂಪನಿ ಇದ್ದರೆ, ನಮ್ಮ ಗುಂಪಿನಲ್ಲಿ ಒಬ್ಬರು ತಮ್ಮ ಒಟ್ಟು ಹೂಡಿಕೆಯ ನೂರಕ್ಕೆ 5ಕ್ಕಿಂತ ಜಾಸ್ತಿ ಹಾಕುವುದಿಲ್ಲ. ಅದನ್ನೂ ಮೂರು ಸಲ ಬಿಡಿಸಿ ಹಾಕುತ್ತೇವೆ. ಮನೆ ಬಾಡಿಗೆ, ಫೀಸು, ಔಷಧಿಯ ದುಡ್ಡು ಬೇಡವೇ ಬೇಡ. ಸಾಲ ಮಾಡಿ ಕೊಳ್ಳುವುದಂತೂ ಇಲ್ಲ. ತೆರಿಗೆಯೂ ನೆನಪಿರಲಿ. 2024ರ ಜುಲೈ 23ರಿಂದ, ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ ನೂರಕ್ಕೆ 20. ವರ್ಷ ದಾಟಿಸಿ ಮಾರಿದರೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ಮೀರಿದ ಲಾಭಕ್ಕೆ ನೂರಕ್ಕೆ 12.5.

ಬ್ರೋಕರ್ ಅಥವಾ ಕಂಪನಿಯಿಂದ ತೊಂದರೆಯಾದರೆ ಮೊದಲು ಅವರಿಗೇ ಬರೆದು ತಿಳಿಸಿ, ಆ ಪತ್ರದ ಪ್ರತಿ ಇಟ್ಟುಕೊಳ್ಳಿ. ಸರಿಹೋಗದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲಿನಲ್ಲಿ ದೂರು ಹಾಕಬಹುದು.

ಕೊಂಡ ದಿನವೇ ಒಂದು ನೋಟ್‌ಬುಕ್ಕಿನ ಪುಟದಲ್ಲಿ ಬರೆಯಿರಿ: ಯಾಕೆ ಕೊಂಡೆ, ಪಿಎಲ್‌ಎಫ್ ಎಷ್ಟಿತ್ತು, ಬಾಕಿ ದಿನ ಎಷ್ಟು, ಸಾಲ ಎಷ್ಟು, ಒಟ್ಟು ಷೇರು ಎಷ್ಟು, ಏನಾದರೆ ಮಾರುತ್ತೇನೆ. ಕಂಪನಿಗಳು ಮೂರು ತಿಂಗಳ ಫಲಿತಾಂಶವನ್ನು 45 ದಿನದೊಳಗೆ ಕೊಡಬೇಕು, ವರ್ಷದ್ದನ್ನು 60 ದಿನದೊಳಗೆ. ಅಂದರೆ ಆಗಸ್ಟ್ 14, ನವೆಂಬರ್ 14, ಫೆಬ್ರವರಿ 14, ಮೇ 30. ಈ ನಾಲ್ಕು ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ನೋಟ್‌ಬುಕ್ ತೆಗೆದು, ಹಳೇ ಅಂಕಿಯ ಪಕ್ಕ ಹೊಸ ಅಂಕಿ ಬರೆಯಿರಿ. ಹೊಸ ಅಂಕಿ ಕಂಪನಿ ಎಲ್ಲೂ ಹೇಳಿರದಿದ್ದರೆ ಕಂಪನಿ ಕಾರ್ಯದರ್ಶಿಗೆ ಇಮೇಲ್ ಮಾಡಿ ಕೇಳಿ. ವಿಳಾಸ ವಾರ್ಷಿಕ ವರದಿಯಲ್ಲೇ ಇರುತ್ತದೆ. ಹತ್ತು ಷೇರು ಇದ್ದವರೂ ಕೇಳಬಹುದು.